ಆಮೆ ಗ್ಯಾರಂಟಿ ಅಂದವರನ್ನ ನಂಬಬೇಡಿ, ಇಳಿತದ ಟೈಮ್ ನೋಡ್ಕೊಂಡು ಬನ್ನಿ

ಪ್ರಶ್ನೆ: ಸರ್, ನಾವು ಹಾವೇರಿಯವರು. ಡಿಸೆಂಬರ್ ಕೊನೀ ವಾರ ನಾಕು ದಿನ ಶಿರಸಿ ಮ್ಯಾಲೆ ಕುಮಟಾ, ಗೋಕರ್ಣ, ಹೊನ್ನಾವರ, ಆಮ್ಯಾಲೆ ಕಾರವಾರಕ್ಕ ಬರಬೇಕಂತ ಮಾಡೀವಿ. ನಾನು, ನಮ್ಮನೆಯವರು, 13 ಮತ್ತ 9 ವರ್ಷದ ಇಬ್ಬರು ಮಕ್ಕಳು, 68 ವರ್ಷದ ನಮ್ಮ ಅತ್ತಿಯವರು. ಗುಡಿ, ಬೀಚು ಎಲ್ಲಾ ಮೊದ್ಲ ನೋಡೀವಿ, ಈ ಸರ್ತಿ ಮಕ್ಕಳಿಗೆ ಕಡಲು, ಕಾಂಡ್ಲಾ ಅಂದ್ರ ಉಪ್ಪುನೀರಿನ ಕೆಸರಿನ ಕಾಡು, ಅದರಾಗಿನ ಪ್ರಾಣಿ ಪಕ್ಷಿ ತೋರಸ್ಬೇಕು ಅಂತ ಆಸೆ. ಒಬ್ರು ಹೋಂಸ್ಟೇದವರು 'ಆಮೆ ತತ್ತಿ ಇಡೋದು ಗ್ಯಾರಂಟಿ ತೋರಸ್ತೀವಿ, ರಾತ್ರಿ ಫೋನ್ ಮಾಡಿ ಎಬ್ಬಸ್ತೀವಿ, 4,000 ಆಗ್ತೈತಿ' ಅಂದಾರ. ಸಾವಿರಾರು ಆಮೆ ಒಮ್ಮೆಲೇ ದಂಡಿಗೆ ಬರೋ ವಿಡಿಯೋ ನೋಡಿದಾಗಿಂದ ಮಕ್ಕಳು ಕುಣೀಲಿಕ್ಕತ್ತಾರ. ಇನ್ನೊಂದ ಕಡೆ ನಮ್ಮ ಭಾವನವರು ಕಾಂಡ್ಲಾದಾಗ ಮೊಸಳಿ ಇರ್ತಾವ, ಕಡಲ ಹಾವು ಇರ್ತಾವ, ಸಮುದ್ರದಾಗ ಸುಳಿ ತಳಕ್ಕ ಎಳಕೊಂತೈತಿ ಅಂತ ಹೆದರಸ್ಯಾರ. ರಾತ್ರಿ ನೀಲಿ ಬೆಳಕಿನ ತೆರಿ ಕಾಣೋದು ಖರೇನಾ? ನೇತ್ರಾಣಿ ದ್ವೀಪಕ್ಕ ಹೋಗ್ಬಹುದಾ? ಯಾವುದಕ್ಕ ಹೆದರಬೇಕು ಯಾವುದಕ್ಕ ಬ್ಯಾಡ, ಒಂಚೂರು ಬಿಡಿಸಿ ಹೇಳ್ರಿ.

ಉತ್ತರ:

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ ಮೇಡಂ. ಆಸೆನೂ ಸಹಜ ಹೆದರಿಕೆನೂ ಸಹಜ, ಆದ್ರೆ ಎರಡೂ ಸ್ವಲ್ಪ ಜಾಗ ತಪ್ಪಿ ಕೂತಿದಾವೆ. ನೀವು ಹುಡುಕ್ತಿರೋ ದೃಶ್ಯ ಒಡಿಶಾದ್ದು, ಹೆದರ್ತಿರೋ ಮೊಸಳೆ ಹೆಚ್ಚಾಗಿ ದಾಂಡೇಲಿದು. ನಮ್ಮ ಕರಾವಳಿಯಲ್ಲಿ ನಿಜವಾಗಿ ನೋಡ್ಬೇಕಾದ್ದು ಮತ್ತೆ ನಿಜವಾಗಿ ಹೆದರ್ಬೇಕಾದ್ದು ನಿಮ್ಮ ಪತ್ರದಲ್ಲಿ ಅರ್ಧ ಮಾತ್ರ ಬಂದಿದೆ. ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವ, ಅದಾದ್ಮೇಲೆ ಇಪ್ಪತ್ತೆಂಟು ವರ್ಷ ನದಿ ಕಡಲು ಸೇರೋ ಈ ಅಳಿವೆಗಳ ಕೆಸರಲ್ಲೇ ಕೆಲಸ ಮಾಡ್ತಾ ಬಂದವ, ಹಾಗಾಗಿ ನಮ್ಮ ಮನೆಗೆ ನೆಂಟರು ಬಂದ್ರೆ ಏನು ಹೇಳ್ತೇನೋ ಅದನ್ನೇ ನಿಮಗೂ ಹೇಳ್ತೇನೆ.

ಮೊದ್ಲು ಆಮೆ ವಿಷಯ, ಯಾಕಂದ್ರೆ ಅದರಲ್ಲಿ ನಿಮ್ಮ ದುಡ್ಡೂ ಇದೆ ಆಮೆಯ ಜೀವನೂ ಇದೆ. ಸಾವಿರಾರು ಆಮೆ ಒಟ್ಟಿಗೆ ಬರೋ ಆ ವಿಡಿಯೋ ಒಡಿಶಾದ ಗಹಿರಮಾಥಾ ಅಥವಾ ಋಷಿಕುಲ್ಯದ್ದಿರ್ಬೇಕು. ಜಾತಿ ಒಂದೇ, ಆಲಿವ್ ರಿಡ್ಲೆ, ಆದ್ರೆ ನಮ್ಮಲ್ಲಿ ಅವು ಗುಂಪಾಗಿ ಬರೋದಿಲ್ಲ, ಒಂದೊಂದೇ ಬರ್ತವೆ, ಇವತ್ತು ಹೊನ್ನಾವರ ಹತ್ರದ ಕಾಸರಕೋಡ ಟೊಂಕದಲ್ಲಿ ಒಂದು, ಇನ್ಯಾವತ್ತೋ ಕಾರವಾರದ ದೇವಬಾಗ ಕಡೆ ಒಂದು. ನವೆಂಬರಿಂದ ಮಾರ್ಚ್ ತನಕ ಸೀಸನ್ ಅಂತ ಇಟ್ಕೊಳ್ಳಿ, ಡಿಸೆಂಬರ್ ಕೊನೆ ಅಂದ್ರೆ ಇನ್ನೂ ಶುರುವಾತು. ಇಡೀ ರಾತ್ರಿ ಹೊಯ್ಗೆ, ಅಂದ್ರೆ ಮರಳಿನ ಮೇಲೆ ನಡೆದು ಒಂದೂ ಆಮೆ ಕಾಣದೆ ಬೆಳಗಿನ ಚಾ ಕುಡಿದು ಮನೆಗೆ ಬಂದ ದಿನಗಳೇ ನನ್ನ ಲೆಕ್ಕದಲ್ಲಿ ಜಾಸ್ತಿ. ಹೀಗಿರೋವಾಗ ಗ್ಯಾರಂಟಿ ಹೇಗೆ ಕೊಡ್ತಾರೆ? ಒಂದೋ ನಿಮ್ಮನ್ನ ಕರೆಸ್ಕೊಳ್ಳಲಿಕ್ಕೆ ಹೇಳಿದ ಮಾತು, ಇಲ್ಲಾ ಮೊದಲೇ ಗೊತ್ತಿರೋ ಗೂಡನ್ನ ಕೆದಕಿ ಮೊಟ್ಟೆ ತೋರಿಸೋದು. ಎರಡನೇದು ಅಪರಾಧ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಹುಲಿ ಆನೆ ಇರೋ ಪಟ್ಟಿಯಲ್ಲೇ, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ದುಡ್ಡು ಕೊಟ್ಟು ನೋಡಲಿಕ್ಕೆ ನಿಂತವರೂ ಕೇಸಲ್ಲಿ ಸಿಕ್ಕಿಹಾಕ್ಕೋಬಹುದು.

ಕಾಯ್ದೆ ಒಂದು ಕಡೆ ಇರ್ಲಿ, ಯಾಕೆ ಬೇಡ ಅಂತೇನೆ ಅಂದ್ರೆ ನಾನೇ ಒಂದ್ಸಲ ಕಣ್ಣಾರೆ ಕಂಡಿದ್ದಕ್ಕೆ. ಒಂದು ಫೆಬ್ರುವರಿ ರಾತ್ರಿ, ಎರಡು ಗಂಟೆ ಆಗಿರ್ಬೇಕು, ನಾವು ನಾಲ್ಕೈದು ಜನ ಗಾಳಿಮರದ ಬುಡದಲ್ಲಿ ಸುಮ್ನೆ ಕೂತಿದ್ವಿ. ತೆರೆ ಹಿಂದೆ ಹೋದಾಗ ಒಂದು ಕಪ್ಪು ಬಂಡೆ ಉಳೀತು, ಆ ಬಂಡೆ ನಿಧಾನ ಮೇಲೆ ಹತ್ಲಿಕ್ಕೆ ಶುರು ಮಾಡ್ತು. ಉಸ್ಸಂತ ಉಸಿರು ಬಿಡೋ ಶಬ್ದ ನಮಗೆ ಕೇಳ್ತಿತ್ತು, ಅಷ್ಟು ಹತ್ರ. ಹತ್ತು ಮಾರು ಬಂದಿರಬಹುದು ಅಷ್ಟೇ, ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗ ಫೋಟೋ ಅಂತ ಮೊಬೈಲ್ ತೆಗೆದ, ಫ್ಲ್ಯಾಶ್ ಬಿತ್ತು. ಆಮೆ ಒಂದು ಗಳಿಗೆ ನಿಂತು ಹಾಗೇ ಅರ್ಧ ಸುತ್ತು ತಿರುಗಿ ನೀರಿಗೆ ಹೋಗೇ ಬಿಡ್ತು. ಹೊಟ್ಟೆಯಲ್ಲಿ ನೂರರ ಆಸುಪಾಸು ಮೊಟ್ಟೆ ಹೊತ್ಕೊಂಡು ಬಂದ ತಾಯಿ. ಆ ಹುಡುಗನ್ನ ಬೈಲಿಲ್ಲ, ಮೊದಲೇ ಎಲ್ಲರ ಮೊಬೈಲ್ ಇಸ್ಕೊಳ್ಳದೆ ಇದ್ದಿದ್ದು ನನ್ನ ತಪ್ಪು, ಈಗ್ಲೂ ನೆನಪಾದ್ರೆ ಸಂಕಟ ಆಗ್ತದೆ.

ಬೆಳಕು ಇಷ್ಟು ದೊಡ್ಡ ವಿಷಯ ಯಾಕೆ ಅಂದ್ರೆ, ತಾಯಿ ಆಮೆ ಕತ್ತಲೆ ದಂಡೆ ನೋಡಿ ಮೇಲೆ ಬರ್ತದೆ, ಮರಿಗಳು ಅದಕ್ಕೆ ಉಲ್ಟಾ, ಹೊಯ್ಗೆಯಿಂದ ಹೊರಗೆ ಬಿದ್ದ ಕೂಡ್ಲೇ ಎಲ್ಲಿ ಹೆಚ್ಚು ಬೆಳಕು ಕಾಣ್ತದೋ ಆ ಕಡೆ ಓಡ್ತವೆ. ಮೊದ್ಲೆಲ್ಲ ಆ ಬೆಳಕು ಅಂದ್ರೆ ಕಡಲ ಮೇಲಿನ ಆಕಾಶ ಮಾತ್ರ, ಈಗ ರೆಸಾರ್ಟಿನ ಲೈಟು, ರಸ್ತೆ ಲೈಟು ಎಲ್ಲ ಇದೆ, ಮರಿಗಳು ರಸ್ತೆ ಕಡೆ ಹೊರಟ್ರೆ ನಾಯಿ, ಕಾಗೆ, ಬಿಸಿಲು ಯಾವುದೂ ಬಿಡೋದಿಲ್ಲ. ಇನ್ನೊಂದು ಮಾತು, ಮೊಟ್ಟೆ ಇಡುವಾಗ ಆಮೆ ಅಳ್ತದೆ ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ, ಮಕ್ಕಳು ಕೇಳಿದ್ರೆ ಹೇಳಿ, ಅದು ಅಳು ಅಲ್ಲ, ಮೈಯಲ್ಲಿ ಜಾಸ್ತಿ ಆದ ಉಪ್ಪನ್ನ ಕಣ್ಣಿನ ಹತ್ರ ಇರೋ ಗ್ರಂಥಿಯಿಂದ ಹೊರಗೆ ಹಾಕೋದು, ನೀರಲ್ಲಿದ್ದಾಗಲೂ ಹಾಕ್ತಾನೇ ಇರ್ತದೆ, ದಂಡೆಗೆ ಬಂದಾಗ ನಮ್ಮ ಕಣ್ಣಿಗೆ ಬೀಳ್ತದೆ ಅಷ್ಟೇ.

ಹಂಗಾದ್ರೆ ಮಕ್ಕಳಿಗೆ ಆಮೆ ಇಲ್ವೇ ಇಲ್ವಾ ಅಂದ್ರೆ, ಇದೆ. ಬೆಳಿಗ್ಗೆ ಆರಕ್ಕೆ ಕಾಸರಕೋಡ ದಂಡೆ ಮೇಲೆ ನಡೀರಿ, ಅದೃಷ್ಟ ಇದ್ರೆ ಸಣ್ಣ ಟ್ರ್ಯಾಕ್ಟರ್ ಹೋದ ಹಾಗೆ ನೀರಿಂದ ಮೇಲಕ್ಕೆ ಹೋಗಿ ಮತ್ತೆ ನೀರಿಗೆ ಇಳಿದ ಗುರುತು ಸಿಗ್ತದೆ, ಅದು ರಾತ್ರಿ ಆಮೆ ಬಂದು ಹೋದ ಹೆಜ್ಜೆ. ಮುಟ್ಟಬೇಡಿ, ಅಗೀಬೇಡಿ, 1926ಕ್ಕೆ ಅಂದ್ರೆ ಅರಣ್ಯ ಇಲಾಖೆ ಸಹಾಯವಾಣಿಗೆ ಫೋನ್ ಮಾಡಿ. ಹಾಗೆ ಗೂಡು ಕಾಯೋ ಕೆಲಸದಲ್ಲಿ ನಿಮ್ಮ ಮಕ್ಕಳೂ ಸೇರಿದ ಹಾಗೆ ಆಗ್ತದೆ. ಮರಿ ನೋಡ್ಬೇಕು ಅಂದ್ರೆ ಟೂರನ್ನ ಫೆಬ್ರುವರಿ ಮಾರ್ಚಿಗೆ ಹಾಕಿ, ಮೊಟ್ಟೆ ಒಡೀಲಿಕ್ಕೆ 45ರಿಂದ 60 ದಿನ ಬೇಕು, ಇಲಾಖೆಯವರು ಊರವರ ಜೊತೆ ಸೇರಿ ಮರಿ ಬಿಡೋವಾಗ ದೂರ ನಿಂತು ನೋಡ್ಬಹುದು. ಕಾರವಾರ, ಹೊನ್ನಾವರ ಎರಡೂ ಅರಣ್ಯ ವಿಭಾಗದ ಆಫೀಸಿನಲ್ಲಿ ವಿಚಾರಿಸಿದ್ರೆ ಹೇಳ್ತಾರೆ. ದುಡ್ಡು ಬೇಕಾಗೋದಿಲ್ಲ.

ಈಗ ಭಾವನವರ ಮೊಸಳೆ. ಪೂರ್ತಿ ಸುಳ್ಳಲ್ಲ. ಕಾಳಿ ನದಿಯಲ್ಲಿ ಮೊಸಳೆ ಇವೆ, ದಾಂಡೇಲಿ ಹತ್ರ ಬಂಡೆ ಮೇಲೆ ಬಿಸಿಲು ಕಾಯಿಸ್ತಾ ಮಲಗಿರೋದನ್ನ ಯಾರು ಬೇಕಾದ್ರೂ ನೋಡ್ಬಹುದು, ಅದು ಸಿಹಿನೀರಿನ ಜಾತಿ. ಮಳೆಗಾಲದ ನೆರೆಗೆ ಒಂದೊಂದು ಕೆಳಗೆ ಬರೋದೂ ಆಗಬಹುದು, ಹಾಗಾಗಿ ಕಾಳಿ ದಡದಲ್ಲಿ ಊರವರನ್ನ ಕೇಳದೆ ನೀರಿಗೆ ಇಳೀಬೇಡಿ. ಆದ್ರೆ ಮನುಷ್ಯರ ಮೇಲೆ ಬೀಳೋದಕ್ಕೆ ಹೆಸರಾದ ಉಪ್ಪುನೀರಿನ ಮೊಸಳೆ ನಮ್ಮ ದೇಶದಲ್ಲಿ ಇರೋದು ಒಡಿಶಾ, ಸುಂದರಬನ, ಅಂಡಮಾನ್ ನಿಕೋಬಾರ್ ಕಡೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಲ್ಲ. ಅಘನಾಶಿನಿ ನದಿಯ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ, ಅಂದ್ರೆ ಕಡಲ ನೀರು ಹಿಂದೆ ಸರಿದಾಗ, ಸೊಂಟಮಟ್ಟ ನೀರಲ್ಲಿ ತಾಸುಗಟ್ಟಲೆ ನಿಂತು ಬಳಚು ಅನ್ನೋ ಚಿಪ್ಪುಮೀನು ಆರಿಸ್ತಾರೆ ಮಾರಾಯ್ರೆ, ಅಲ್ಲಿಗೆ ಮೊಸಳೆ ಹೆದರಿಕೆ ಇಟ್ಕೊಂಡು ಬರ್ಬೇಡಿ.

ಕಡಲ ಹಾವಿನ ವಿಷಯದಲ್ಲಿ ಮಾತ್ರ ಭಾವನವರ ಮಾತು ಕೇಳಿ. ಜನ ಎರಡು ತಪ್ಪು ಮಾತಾಡ್ತಾರೆ, ಕಡಲ ಹಾವಿಗೆ ವಿಷ ಇಲ್ಲ ಅಂತ ಒಂದು, ಬಾಯಿ ಸಣ್ಣ ಹಾಗಾಗಿ ಕಚ್ಚಲಿಕ್ಕೆ ಆಗೋದಿಲ್ಲ ಅಂತ ಇನ್ನೊಂದು. ಎರಡೂ ಸುಳ್ಳು. ವಿಷ ಬಹಳ ಜೋರು, ಮತ್ತೆ ನಮ್ಮ ಆಸ್ಪತ್ರೆಗಳಲ್ಲಿ ಇರೋ ಹಾವಿನ ಔಷಧಿ ನಾಗರ, ಕಟ್ಟಾವು, ಎರಡು ಜಾತಿ ಮಂಡಲದ ಹಾವಿಗೆ ಮಾಡಿದ್ದು, ಕಡಲ ಹಾವಿಗಲ್ಲ. ಆದ್ರೆ ಇವು ಅಟ್ಟಿಸ್ಕೊಂಡು ಬರೋವಲ್ಲ. ಕಚ್ಚಿಸ್ಕೊಳ್ಳೋದು ಹೆಚ್ಚಾಗಿ ಬಲೆ ಬಿಡಿಸೋ ಮೀನುಗಾರರು. ನೀವು ಮಾಡ್ಬೇಕಾದ್ದು ಇಷ್ಟೇ, ಬಲೆ ಎಳೆದ ಜಾಗದಲ್ಲಿ ದಂಡೆ ಮೇಲೆ ಚಪ್ಪಟೆ ಬಾಲದ ಹಾವು ಬಿದ್ದಿದ್ರೆ, ಸತ್ತ ಹಾಗೆ ಕಂಡ್ರೂ ಕಡ್ಡಿಯಿಂದ ಸೈತ ಮುಟ್ಟಬೇಡಿ.

ಅದಕ್ಕಿಂತ ನಿಮಗೆ ಕಾಲಿಗೆ ಸಿಗೋ ಸಂಭವ ಇರೋದು ತೊರಕೆ ಮೀನು, ಬಾಲದಲ್ಲಿ ಮುಳ್ಳಿರ್ತದೆ, ತೆಳು ನೀರಲ್ಲಿ ಹೊಯ್ಗೆ ಹೊದ್ಕೊಂಡು ಮಲಗಿರ್ತದೆ. ಕಾಲು ಎತ್ತಿ ಎತ್ತಿ ಇಡಬೇಡಿ, ನೆಲಕ್ಕೆ ಉಜ್ಜಿ ಉಜ್ಜಿ ನಡೀರಿ, ಸದ್ದಿಗೆ ಅದೇ ಹೋಗ್ತದೆ. ಚುಚ್ಚಿದ್ರೆ ತಡೀಲಿಕ್ಕೆ ಆಗೋವಷ್ಟು ಬಿಸಿ ನೀರಲ್ಲಿ ಕಾಲು ಇಟ್ರೆ ನೋವು ಇಳೀತದೆ, ಆದ್ರೂ ಡಾಕ್ಟರಿಗೆ ತೋರಿಸಿ. ಮತ್ತೆ ಬಂಡೆಗೆ ಅಂಟಿರೋ ಕಲಗದ ಚಿಪ್ಪು ಬ್ಲೇಡಿನ ಹಾಗೆ ಕೊಯ್ತದೆ, ಅಳಿವೆ ನೀರಿನ ಗಾಯ ಬೇಗ ಕೀವಾಗ್ತದೆ, ಹಾಗಾಗಿ ಬಂಡೆ ಮೇಲೆ ಬರಿಗಾಲು ಬೇಡ.

ಇನ್ನು ಸುಳಿ. ಇಲ್ಲಿ ಸ್ವಲ್ಪ ನಿಧಾನ ಓದಿ, ಬೇಕಾದ್ರೆ ಮನೆಯವರಿಗೂ ಓದಿ ಹೇಳಿ. ಗೋಕರ್ಣ ಮುರ್ಡೇಶ್ವರ ಕಡೆ ಪ್ರವಾಸಿಗರು ಮುಳುಗಿದ ಸುದ್ದಿ ಬಂದಾಗೆಲ್ಲ 'ಸುಳಿಗೆ ಸಿಕ್ಕಿ' ಅಂತ ಬರೀತಾರೆ, ಜನ ಅದನ್ನ ಗಿರಗಿರ ತಿರುಗಿ ತಳಕ್ಕೆ ಎಳೆಯೋ ನೀರು ಅಂತ ತಿಳ್ಕೊಳ್ತಾರೆ. ಹೆಚ್ಚಿನ ಸಲ ಅದು ಹಾಗಲ್ಲ. ತೆರೆಗಳು ದಂಡೆಗೆ ತಂದು ಸುರಿದ ನೀರು ವಾಪಸ್ ಹೋಗ್ಬೇಕಲ್ಲ, ಹೊಯ್ಗೆ ದಿಬ್ಬದ ನಡುವೆ ಎಲ್ಲಿ ತಗ್ಗು ಇದೆಯೋ, ಇಲ್ಲಾ ಗುಡ್ಡದ ಮೂತಿಯ ಬಂಡೆ ಪಕ್ಕ, ಅಲ್ಲಿ ಒಟ್ಟಾಗಿ ಹೊಳೆ ಹಾಗೆ ಸಮುದ್ರದ ಕಡೆ ಓಡ್ತದೆ. ತಗ್ಗು ಇರೋದ್ರಿಂದ ಅಲ್ಲಿ ತೆರೆ ಒಡೆಯೋದಿಲ್ಲ, ಬಿಳಿ ನೊರೆ ಇರೋದಿಲ್ಲ, ನೀರು ಸ್ವಲ್ಪ ಕಪ್ಪಾಗಿ ಶಾಂತ ಕಾಣ್ತದೆ, ಈಜು ಬಾರದವರು ಇದು ಸೇಫ್ ಅಂತ ಸರಿಯಾಗಿ ಅಲ್ಲೇ ಮಕ್ಕಳನ್ನ ಇಳಿಸ್ತಾರೆ. ಅದು ತಳಕ್ಕೆ ಎಳೆಯೋದಿಲ್ಲ, ಆಚೆಗೆ ಎಳೀತದೆ. ಜನ ಮುಳುಗೋದು ಅದರ ಎದುರು ದಂಡೆ ಕಡೆ ಈಜಿ ಈಜಿ ಸುಸ್ತಾಗಿ. ಸಿಕ್ಕಿಬಿದ್ರೆ ಎದುರು ಈಜಬೇಡಿ, ತೇಲ್ತಾ ದಂಡೆಗೆ ಸಮಾನಾಂತರ ಅಡ್ಡಕ್ಕೆ ಸರೀರಿ, ಆ ಹೊಳೆ ಅಗಲ ಬಹಳ ಇರೋದಿಲ್ಲ, ನೊರೆ ಇರೋ ಜಾಗಕ್ಕೆ ಬಂದ್ಮೇಲೆ ತೆರೆಗಳೇ ನಿಮ್ಮನ್ನ ದಂಡೆಗೆ ದೂಡ್ತವೆ. ದಂಡೆಯಲ್ಲಿ ಇದ್ದವರು ಉಳಿಸ್ಲಿಕ್ಕೆ ಹಾರಬೇಡಿ, ಅಣ್ಣನ್ನ ಉಳಿಸ್ಲಿಕ್ಕೆ ಹೋಗಿ ತಮ್ಮನೂ ಹೋದ ಮನೆಗಳು ನನಗೆ ಗೊತ್ತು. ಖಾಲಿ ಕ್ಯಾನ್, ಹಗ್ಗ, ತೇಲೋದು ಏನಿದ್ರೂ ಎಸೀರಿ, ಲೈಫ್‌ಗಾರ್ಡನ್ನ ಕೂಗಿ, 112ಕ್ಕೆ ಹೊಡೀರಿ. ನಿಮ್ಮ ಒಂಬತ್ತು ವರ್ಷದ ಮಗುಗೆ ಮೊಣಕಾಲು ಮುಳುಗೋವಷ್ಟು ಸಾಕು, ಅದೂ ಲೈಫ್‌ಗಾರ್ಡ್ ಇರೋ ಜಾಗದಲ್ಲಿ.

ಹಾಗಾದ್ರೆ ಎಲ್ಲಿಗೆ ಹೋಗೋದು ಅಂದ್ರೆ, ನಾನಾದ್ರೆ ನಾಲ್ಕರಲ್ಲಿ ಎರಡು ದಿನ ಅಘನಾಶಿನಿ ಅಳಿವೆಗೆ ಕೊಡ್ತಿದ್ದೆ. ನೀವು ಶಿರಸಿ ಮೇಲೆ ಬರ್ತೀರಲ್ಲ, ಆ ನದಿ ಹುಟ್ಟೋದೇ ಶಿರಸಿಯಲ್ಲಿ, ಶಂಕರಹೊಂಡದಲ್ಲಿ, ಮಕ್ಕಳಿಗೆ ಅದನ್ನ ತೋರಿಸ್ಕೊಂಡೇ ದೇವಿಮನೆ ಘಾಟ್ ಇಳೀರಿ. ಸುಮಾರು 120 ಕಿಲೋಮೀಟರ್ ಹರೀತದೆ, ಮಧ್ಯೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮೇಲೆ ಸಿಂಗಳೀಕ ಇರೋ ಕಾಡಿನ ನೀರು ಹಾಗೇ ಇಳಿದು ತದಡಿಯಲ್ಲಿ ಕಡಲಿಗೆ ಸೇರ್ತದೆ, ದಿನಕ್ಕೆ ಎರಡು ಸಲ ಕಡಲು ಒಳಗೆ ಬಂದು ಎರಡು ಸಲ ಹೊರಗೆ ಹೋಗ್ತದೆ. ಸಿಹಿ ಉಪ್ಪು ಎರಡೂ ಹದದಲ್ಲಿ ಬೆರೆಯೋದ್ರಿಂದಲೇ ಅಲ್ಲಿ ಬಳಚು ಇದೆ, ಸಿಗಡಿ ಇದೆ, ಮೀನು ಮರಿ ಮಾಡ್ಲಿಕ್ಕೆ ಬರ್ತವೆ, ಅದನ್ನ ತಿನ್ನಲಿಕ್ಕೆ ಹಕ್ಕಿ ಬರ್ತವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರ್ತು, ನಮಗೆ ಅವತ್ತು ಹಬ್ಬ. ಗಜನಿ ಅಂತ ಕರೀತೇವೆ ನಾವು, ಅಳಿವೆ ಪಕ್ಕದ ತಗ್ಗು ಗದ್ದೆ, ಅಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ಕೊಯ್ಲಾದ್ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಸಿಗಡಿ ಮೀನು. ನೀವು ಬರೋ ಹೊತ್ತಿಗೆ ನೀರು ತುಂಬಿದ ಗಜನಿಯಲ್ಲಿ ಬೆಳ್ಳಕ್ಕಿ ಸಾಲು ಸಾಲು ನಿಂತಿರ್ತವೆ.

ಇಲ್ಲಿ ಎಲ್ಲ ನಿಂತಿರೋದು ಇಳಿತದ ಟೈಮಿನ ಮೇಲೆ. ಭರತದ ಹೊತ್ತಿಗೆ ಬಂದ್ರೆ ನೀರು ಮಾತ್ರ ಕಾಣ್ತದೆ, ಫೋಟೋ ತೆಗೆದು ಹೋಗ್ತೀರಿ. ಇಳಿತಕ್ಕೆ ಒಂದು ತಾಸು ಮೊದಲು ಬಂದು ಕೂತ್ರೆ ನೀರು ಸರಿದ ಹಾಗೆ ಕೆಸರು ಜೀವ ಬಂದು ಅಲ್ಲಾಡ್ಲಿಕ್ಕೆ ಶುರು ಮಾಡ್ತದೆ. ಕಾರವಾರ ಬಂದರಿನ ಟೈಡ್ ಟೇಬಲ್ ಮೊಬೈಲಲ್ಲೇ ಸಿಗ್ತದೆ, ದಿನಾ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಇವತ್ತು ಒಂಬತ್ತಕ್ಕೆ ಇಳಿತ ಇದ್ರೆ ನಾಳೆ ಹತ್ತರ ಹತ್ರ. ಅಮಾಸೆ ಹುಣ್ಣಿಮೆ ಆಸುಪಾಸು ನೀರು ಬಹಳ ಕೆಳಗೆ ಇಳೀತದೆ, ಹೆಚ್ಚು ಕಾಣ್ತದೆ, ಆದ್ರೆ ವಾಪಸ್ ಬರೋದೂ ಅಷ್ಟೇ ಜೋರು. ಗೋಕರ್ಣದಲ್ಲಿ ಬಂಡೆ ಮೇಲೆ ಬೀಚಿಂದ ಬೀಚಿಗೆ ದಾಟೋವಾಗ ಇದೇ ಮರೆತು ಜನ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಅತ್ತೆಯವರನ್ನ ಕರ್ಕೊಂಡು ಆ ದಾರಿ ಖಂಡಿತ ಬೇಡ.

ಕೆಸರಿನ ಹತ್ರ ಸುಮ್ನೆ ಐದು ನಿಮಿಷ ಕೂರಿಸಿ ಮಕ್ಕಳನ್ನ. ಮೊದಲು ಏನೂ ಕಾಣೋದಿಲ್ಲ. ಆಮೇಲೆ ಒಂದು ತೂತಿಂದ ಬೆರಳ ಉಗುರಿನಷ್ಟು ಏಡಿ ಹೊರಗೆ ಬಂದು ತನ್ನ ಮೈಯಷ್ಟೇ ದೊಡ್ಡ ಒಂದು ಕೊಂಬನ್ನ ಎತ್ತಿ ಬೀಸ್ತದೆ, ಅದು ಗಂಡು, ಹೆಣ್ಣನ್ನ ಕರೆಯೋದು ಹಾಗೆ. ಅದರ ಪಕ್ಕ ಕಣ್ಣು ತಲೆ ಮೇಲೆ ಇರೋ ಸಣ್ಣ ಮೀನು ಕೆಸರ ಮೇಲೆ ಕುಪ್ಪಳಿಸ್ತದೆ, ಮೀನು ನೀರಿಂದ ಹೊರಗೆ ನಡೆಯೋದು ನೋಡಿದ್ರೆ ನಿಮ್ಮ ಸಣ್ಣವ ವಿಡಿಯೋದ ಆಮೆ ಮರೀತಾನೆ. ಬಳಚು ಆರಿಸೋ ಹೆಂಗಸರನ್ನ ನೋಡಿ, ಕಣ್ಣಲ್ಲಿ ಹುಡುಕೋದಿಲ್ಲ, ಪಾದದಲ್ಲಿ, ಕೆಸರೊಳಗೆ ಹಿಮ್ಮಡಿ ತಿರುಗಿಸಿ ಚಿಪ್ಪು ತಾಗಿದ ಕೂಡ್ಲೇ ಬಗ್ಗಿ ತೆಗೀತಾರೆ. ಮಾತಾಡ್ಸಿ, ಆದ್ರೆ ಫೋಟೋಗೆ ಮೊದಲು ಕೇಳಿ, ಅವರಿಗೆ ಅದು ದುಡಿಮೆ ಹೊತ್ತು, ನೀರು ವಾಪಸ್ ಬರೋದ್ರೊಳಗೆ ಆರಿಸ್ಕೊಂಡಷ್ಟೇ ಅವತ್ತಿನ ಗಳಿಕೆ. ನೀವು ಮಾತ್ರ ಗೊತ್ತಿಲ್ಲದ ಕೆಸರಿಗೆ ಇಳೀಬೇಡಿ, ತೊಡೆ ತನಕ ಹೂಳೋ ಜಾಗಗಳಿವೆ.

ಕಾಂಡ್ಲಾ ಒಳಗೆ ಹೋಗ್ಬೇಕು ಅಂದ್ರೆ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆ ನಿಮ್ಮಂತ ಕುಟುಂಬಕ್ಕೆ ಹೇಳಿ ಮಾಡಿಸಿದ್ದು, ಮರದ ಹಲಗೆ ದಾರಿ, ಅತ್ತೆಯವರೂ ಆರಾಮ ನಡೀಬಹುದು. ಅದೂ ಇಳಿತದಲ್ಲೇ ಹೋಗಿ, ಆಗಲೇ ಬೇರು ಕಾಣೋದು. ಕೆಲವು ಗಿಡಕ್ಕೆ ಛತ್ರಿ ಕಡ್ಡಿ ಹಾಗೆ ಊರುಗೋಲು ಬೇರು, ಕೆಲವಕ್ಕೆ ಕೆಸರಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲಕ್ಕೆ ಬಂದ ಉಸಿರುಬೇರು. ಮರದಲ್ಲಿ ನುಗ್ಗೆಕೋಡಿನ ಹಾಗೆ ನೇತಾಡೋದು ಕಾಯಿ ಅಲ್ಲ, ಮರದ ಮೇಲೇ ಮೊಳಕೆ ಒಡೆದ ಸಸಿ, ಕೆಳಗೆ ಬಿದ್ದು ಕೆಸರಿಗೆ ಚುಚ್ಕೊಂಡು ಅಲ್ಲೇ ಬೆಳೀತದೆ.

ಡಾಲ್ಫಿನ್ ವಿಷಯ ನೀವು ಕೇಳ್ಲಿಲ್ಲ, ಆದ್ರೆ ಕಾರವಾರಕ್ಕೆ ಬಂದ್ಮೇಲೆ ದೋಣಿಯವರು ಕರೀತಾರೆ. ಕಾಳಿ ಅಳಿವೆ, ಕೂರ್ಮಗಡ ದ್ವೀಪದ ಕಡೆ ಕಾಣೋದು ಬೆನ್ನ ಮೇಲೆ ಗೂನು ಇರೋ ಜಾತಿ, ದಂಡೆ ಹತ್ರದ ನೀರಲ್ಲೇ ಬದುಕೋದು, ಜಗತ್ತಿನಲ್ಲೇ ಅಳಿವಿನಂಚಿನಲ್ಲಿದೆ. ಬೆಳಿಗ್ಗೆ ಬೇಗ ಗಾಳಿ ಏಳೋಕೆ ಮುಂಚೆ ಹೋಗಿ, ಲೈಫ್ ಜಾಕೆಟ್ ಮಕ್ಕಳ ಅಳತೆದು ಇದೆಯಾ ಕೇಳಿ, ಇಲ್ಲ ಅಂದ್ರೆ ಹತ್ತಬೇಡಿ. ದೋಣಿಯವರಿಗೆ ಮೊದಲೇ ಹೇಳಿಡಿ, 'ಅಣ್ಣಾ, ಬೆನ್ನಟ್ಟೋದು ಬೇಡ, ಎಂಜಿನ್ ಬಂದ್ ಮಾಡಿ ಕಾಯುವಾ' ಅಂತ. ಹಾಗೆ ಹೇಳೋ ಗಿರಾಕಿ ಸಿಕ್ರೆ ಅವರಿಗೂ ಡೀಸೆಲ್ ಉಳಿತಾಯ, ಮತ್ತೆ ನಿಂತ ದೋಣಿ ಹತ್ರ ಅವು ತಾವಾಗೇ ಬರೋದನ್ನ ನಾನು ಎಷ್ಟೋ ಸಲ ನೋಡಿದೇನೆ. ಕಾರವಾರ ದಂಡೆಯಲ್ಲಿ ಆ ಹೊತ್ತಿಗೆ ಕಂದುತಲೆ ಕಡಲಹಕ್ಕಿಗಳೂ ಇರ್ತವೆ, ಲಡಾಖ್ ಟಿಬೆಟ್ ಸರೋವರಗಳ ಹತ್ರ ಮರಿ ಮಾಡಿ ಚಳಿಗೆ ಇಲ್ಲಿಗೆ ಬರೋವು, ಚಳಿಗಾಲದಲ್ಲಿ ತಲೆ ಬಿಳಿಯಾಗಿ ಕಣ್ಣ ಹಿಂದೆ ಒಂದು ಕಪ್ಪು ಚುಕ್ಕಿ ಉಳಿದಿರ್ತದೆ, ಮಕ್ಕಳಿಗೆ ಅದನ್ನ ಗುರುತಿಸೋಕೆ ಹೇಳಿ. ಚಿಪ್ಸು ಮಂಡಕ್ಕಿ ಹಾಕ್ಬೇಡಿ.

ನೀಲಿ ತೆರೆ ಖರೇ. ನಾಕ್ಟಿಲೂಕಾ ಅಂತ ಒಂದೇ ಕೋಶದ ಜೀವಿ, ನೀರು ಕದಡಿದಾಗ ಮಿಣುಕ್ತದೆ. ಆದ್ರೆ ದಿನಾ ಇರೋದಿಲ್ಲ, ಮತ್ತೆ ಫೋಟೋದಲ್ಲಿ ಕಂಡಷ್ಟು ನೀಲಿ ಬರಿಗಣ್ಣಿಗೆ ಕಾಣೋದಿಲ್ಲ, ಕ್ಯಾಮೆರಾ ಸುಮಾರು ಹೊತ್ತು ಬೆಳಕು ಹಿಡಿದು ತೆಗೆದಿದ್ದು ಅದು. ಚಂದ್ರ ಇಲ್ಲದ ರಾತ್ರಿ, ಲೈಟಿಲ್ಲದ ದಂಡೆಯಲ್ಲಿ ಒದ್ದೆ ಹೊಯ್ಗೆ ಮೇಲೆ ಕಾಲು ಎಳೆದು ನೋಡಿ, ಇದ್ರೆ ಅಲ್ಲೇ ಗೊತ್ತಾಗ್ತದೆ. ನೀರಿಗೆ ಇಳೀಬೇಡಿ.

ನೇತ್ರಾಣಿ ಈ ಸಲ ಬಿಡಿ ಅಂತೇನೆ. ಚಂದ ಇದೆ, ಹವಳ ಇದೆ, ಬಿಳಿ ಹೊಟ್ಟೆಯ ಕಡಲ ಗಿಡುಗ ಇದೆ, ಆದ್ರೆ ಮುರ್ಡೇಶ್ವರದಿಂದ ತಾಸಿಗಿಂತ ಮೇಲೆ ತೆರೆದ ಕಡಲಲ್ಲಿ ದೋಣಿ, ವಾಂತಿ ಆಗೋದು ಸಾಮಾನ್ಯ, ಅತ್ತೆಯವರಿಗೂ ಸಣ್ಣ ಮಗುಗೂ ಹಿಂಸೆ. ದೊಡ್ಡ ಮಗುಗೆ ತೀರಾ ಆಸೆ ಇದ್ರೆ ತಂದೆ ಜೊತೆ ಕಳಿಸ್ಬಹುದು, ನೀರೊಳಗೆ ಮುಳುಗಿ ನೋಡೋದಾದ್ರೆ ಆಸ್ತಮಾ ಅಥವಾ ಕಿವಿ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ಬೇಡ.

ಅತ್ತೆಯವರ ಬಗ್ಗೆ ನೀವು ಬೇರೆ ಕೇಳ್ಲಿಲ್ಲ, ಆದ್ರೂ ಒಂದು ಮಾತು. ತದಡಿಯಲ್ಲಿ ತಾರಿ ದಾಟಿ ಅಘನಾಶಿನಿ ಊರಿಗೆ ಹೋಗಿ, ಸಣ್ಣ ಪ್ರಯಾಣ, ದೋಣಿಗೆ ಹತ್ತೋವಾಗ ಕೈ ಹಿಡ್ಕೊಂಡ್ರೆ ಸಾಕು. ಮಡಚೋ ಕುರ್ಚಿ ಒಂದು ಗಾಡಿಯಲ್ಲಿ ಇಟ್ಕೊಳ್ಳಿ, ನೆರಳಲ್ಲಿ ಅಳಿವೆ ಕಡೆ ಮುಖ ಮಾಡಿ ಅವರನ್ನ ಕೂರಿಸಿ. ಭರತದಿಂದ ನೀರು ಪೂರ್ತಿ ಇಳಿಯೋಕೆ ಸುಮಾರು ಆರು ತಾಸು ಬೇಕು, ಗರುಡ ಬಂದು ನೀರಿಂದ ಮೀನೆತ್ತೋದನ್ನ ಅಲ್ಲಿ ಓಡಾಡೋ ನಿಮಗಿಂತ ಮೊದಲು ಅವರೇ ನೋಡ್ತಾರೆ.